ರಾತ್ರಿ ಒಂಬತ್ತರ ಕೀಲಿ

ಕಲಬುರಗಿಗೆ ಮಗಳನ್ನು ಓದಲು ಕಳಿಸುವ ತಂದೆ ತಾಯಿ ಹಾಸ್ಟೆಲಿನ ಬಾಗಿಲಲ್ಲಿ ನಿಂತು ಕೇಳುವುದು ಎರಡೇ ಪ್ರಶ್ನೆ. ಊಟ ಹೆಂಗದ? ರಾತ್ರಿ ಗೇಟಿಗೆ ಎಷ್ಟಕ್ಕ ಕೀಲಿ ಹಾಕ್ತೀರಿ? ಊಟದ ಬಗ್ಗೆ ಯಾವ ಉತ್ತರ ಬಂದರೂ ಅರ್ಧ ನಂಬುತ್ತಾರೆ. ಕೀಲಿಯ ಬಗ್ಗೆ ಮಾತ್ರ ‘ಒಂಬತ್ತಕ್ಕ ಹಾಕಿದ್ರ ಬೆಳಿಗ್ಗಿ ಆರಕ್ಕೇ ತೆಗೆಯೋದ್ರಿ’ ಎಂದು ಬಿಟ್ಟರೆ ಸಾಕು, ಟ್ರಂಕು ಒಳಗೆ ಹೋಗುತ್ತದೆ. ರಾತ್ರಿ ಎರಡಕ್ಕೆ ಬೆಂಕಿ ಹತ್ತಿದರೆ ಆ ಕೀಲಿ ತೆಗೆಯುವವರು ಯಾರು, ಕೀಲಿಕೈ ಯಾರ ಸೊಂಟದಲ್ಲಿ ಇರುತ್ತದೆ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ನಮ್ಮ ಭಾಗದಲ್ಲಿ ಹಾಸ್ಟೆಲ್ ಸುರಕ್ಷೆಯ ವಾದವೆಲ್ಲ ಈ ಗೇಟಿನ ಸುತ್ತಲೇ ತಿರುಗುತ್ತಿದೆ. ಎಲ್ಲಾದರೂ ಏನಾದರೂ ಆಯಿತೆಂದರೆ ಸಂಘಟನೆಗಳ ಮನವಿ ಪತ್ರ, ಅಧಿಕಾರಿಗಳ ಭರವಸೆ, ಟಿವಿ ಚರ್ಚೆ ಎಲ್ಲವೂ ಒಂದೇ ದಿಕ್ಕಿಗೆ ಹೊರಡುತ್ತವೆ: ಇನ್ನಷ್ಟು ಸಿಸಿಟಿವಿ, ಬಯೋಮೆಟ್ರಿಕ್ ಹಾಜರಿ, ಕಾಂಪೌಂಡಿನ ಮೇಲೆ ಮುಳ್ಳುತಂತಿ, ಕಿಟಕಿಗೆ ಗ್ರಿಲ್. ಮಕ್ಕಳನ್ನು ಒಳಗೆ ಇಟ್ಟುಕೊಳ್ಳುವ ವ್ಯವಸ್ಥೆಗೆ ಸುರಕ್ಷೆ ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದೇವೆ. ಆಪತ್ತಿನಲ್ಲಿ ಬೇಕಾಗುವುದು ಅವರನ್ನು ಎರಡು ನಿಮಿಷದಲ್ಲಿ ಹೊರಗೆ ತರುವ ವ್ಯವಸ್ಥೆ. ಎರಡೂ ಒಂದೇ ಅಲ್ಲ. ಇವತ್ತಿನ ಮಟ್ಟಿಗೆ ಮೊದಲನೆಯದು ಎರಡನೆಯದರ ಕುತ್ತಿಗೆ ಹಿಸುಕುತ್ತಿದೆ.

ನೆಹರು ಗಂಜ್‌ನಿಂದಲೇ ಶುರು ಮಾಡೋಣ. ತೊಗರಿ ವಹಿವಾಟಿನ ಈ ಪೇಟೆಯ ಆಚೀಚೆ ಹಳ್ಳಿ ಹುಡುಗರು ರೂಮು ಹಿಡಿದು ಓದುವುದು ಹೊಸದೇನಲ್ಲ. ಇಲ್ಲಿನ ಒಂದು ಬಾಡಿಗೆ ಕಟ್ಟಡದ ಮೆಟ್ಟಿಲು ಹತ್ತಿ ನೋಡಿ. ಕೆಳಗೆ ಅಂಗಡಿ, ಅದರ ಹಿಂದೆ ಖಾಲಿ ಗೋಣಿಚೀಲಗಳ ರಾಶಿ. ಮೇಲಿನ ಎರಡು ಮಹಡಿಗೆ ಒಂದೇ ಮೆಟ್ಟಿಲು, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ಆ ಮೆಟ್ಟಿಲಿನ ಕೆಳಗೆ ಇಡೀ ಕಟ್ಟಡದ ಕರೆಂಟ್ ಮೀಟರುಗಳ ಹಲಗೆ. ಅದರ ಬುಡದಲ್ಲಿ ಬೈಕುಗಳು, ಈಗ ಹೊಸದಾಗಿ ಒಂದು ಎಲೆಕ್ಟ್ರಿಕ್ ಸ್ಕೂಟರು, ಮೀಟರು ಹಲಗೆಯಿಂದಲೇ ಎಳೆದ ವೈರಿನಲ್ಲಿ ಚಾರ್ಜ್ ಆಗುತ್ತಾ. ಮೊದಲ ಮಹಡಿಯ ಬಾಗಿಲಿಗೆ ಎಳೆಯುವ ಚಾನೆಲ್ ಗೇಟು. ಕಿಟಕಿಗಳಿಗೆಲ್ಲ ಬೆಸುಗೆ ಹಾಕಿದ ಗ್ರಿಲ್ಲು. ಮೇಲೆ ಟೆರೇಸಿನ ಬಾಗಿಲಿಗೂ ಕೀಲಿ, ‘ಹುಡುಗ್ರು ಮ್ಯಾಲ ಹೋಗಿ ಸಿಗರೇಟ್ ಸೇದ್ತಾರ’ ಎಂಬ ಕಾರಣಕ್ಕೆ. ಗೋಡೆಗೆ ನೇತುಹಾಕಿದ ಅಗ್ನಿಶಾಮಕ ಸಿಲಿಂಡರಿನ ಮೇಲೆ ಯಾರೋ ಒದ್ದೆ ಟವೆಲ್ ಒಣಗಲು ಹಾಕಿದ್ದರು. ಅದನ್ನು ಸರಿಸಿ ನೋಡಿದರೆ ಮರುಭರ್ತಿಯ ದಿನಾಂಕ ಬರೆಯುವ ಚೀಟಿ ಬರಿದಾಗಿತ್ತು.

ಇಲ್ಲಿ ಬೆಂಕಿ ಹತ್ತುವುದಾದರೆ ಮೆಟ್ಟಿಲಿನ ಬುಡದಲ್ಲೇ ಹತ್ತುತ್ತದೆ. ಆಗ ಮೆಟ್ಟಿಲು ದಾರಿಯಾಗಿ ಉಳಿಯುವುದಿಲ್ಲ, ಒಲೆಯ ಹೊಗೆಗೂಡಾಗುತ್ತದೆ. ಇಂಥ ಅವಘಡಗಳಲ್ಲಿ ಬಹಳ ಜನ ಸಾಯುವುದು ಉರಿಯಿಂದಲ್ಲ, ಹೊಗೆಯಿಂದ. ಅದೂ ನಿದ್ದೆಯಲ್ಲಿ. ಡಿಸೆಂಬರಿನಿಂದ ತೊಗರಿಯ ಆವಕ ಏರಿದಾಗ ಗಂಜ್‌ನ ರಸ್ತೆಗಳಲ್ಲಿ ಲಾರಿಗಳು ಎರಡೂ ಬದಿ ನಿಂತು ಆಟೋ ಕೂಡ ನುಸುಳಲಾರದ ದಿನಗಳಿರುತ್ತವೆ. ಅಗ್ನಿಶಾಮಕ ವಾಹನ ಯಾವ ಬೀದಿಯಿಂದ ಬರಬೇಕು ಎಂದು ಎಪಿಎಂಸಿಯಾಗಲಿ ಸಂಚಾರ ಪೊಲೀಸರಾಗಲಿ ವಿದ್ಯಾರ್ಥಿಗಳ ಜೊತೆ ಕೂತು ಒಮ್ಮೆ ಲೆಕ್ಕ ಹಾಕಬಾರದೇ?

ಖಾಸಗಿ ಪೀಜಿಗಳು ಹಾಗೆ, ಸರ್ಕಾರಿ ಹಾಸ್ಟೆಲುಗಳು ಹೀಗಲ್ಲ ಎನ್ನುವವರು ಕೊಪ್ಪಳವನ್ನು ನೆನಪಿಸಿಕೊಳ್ಳಲಿ. 2019ರ ಆಗಸ್ಟ್ 18, ಭಾನುವಾರ. ಅಲ್ಲಿನ ದೇವರಾಜ ಅರಸು ಹಾಸ್ಟೆಲು ನಡೆಯುತ್ತಿದ್ದದ್ದು ಬಾಡಿಗೆ ಕಟ್ಟಡದಲ್ಲಿ. ಸ್ವಾತಂತ್ರ್ಯ ದಿನಕ್ಕೆ ನಿಲ್ಲಿಸಿದ್ದ ಕಬ್ಬಿಣದ ಧ್ವಜಕಂಬವನ್ನು ಇಳಿಸಲು ಹೋದ ಹುಡುಗರಿಗೆ ಹೈಟೆನ್ಷನ್ ತಂತಿ ತಗಲಿ ಐದು ಮಂದಿ ಸತ್ತರು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಧ್ವಜಕಂಬ ಇಳಿಸುವುದು ಮಕ್ಕಳ ಕೆಲಸವೇ ಎಂಬ ಪ್ರಶ್ನೆ ಎದ್ದಿತು, ಸರಿಯಾದ ಪ್ರಶ್ನೆಯೇ. ಅದಕ್ಕಿಂತ ಹಿಂದಿನ ಪ್ರಶ್ನೆ ಇನ್ನೊಂದಿದೆ. ಕೈಗೆಟಕುವಷ್ಟು ಹತ್ತಿರ ವಿದ್ಯುತ್ ತಂತಿ ಹಾದುಹೋದ ಮನೆಯನ್ನು ಮಕ್ಕಳ ವಾಸಕ್ಕೆ ಯೋಗ್ಯ ಎಂದು ಬರೆದುಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟಿದ ಸಹಿ ಯಾರದು? ಹಾಸ್ಟೆಲಿಗೆ ಕಟ್ಟಡ ಹಿಡಿಯುವಾಗ ನಮ್ಮ ಇಲಾಖೆಗಳು ಚದರಡಿ ಲೆಕ್ಕ ಹಾಕುತ್ತವೆ, ಶೌಚಾಲಯ ಎಣಿಸುತ್ತವೆ. ಮೇಲಿನ ತಂತಿಯನ್ನೂ ಹಿಂಬಾಗಿಲನ್ನೂ ಎಣಿಸುವವರು ಬೇಕು.

ಕೀಲಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅದರ ಬೆಲೆ ಏನೆಂದು ಜಗತ್ತು ಆಗಲೇ ನೋಡಿದೆ. ದಕ್ಷಿಣ ಅಮೆರಿಕದ ಗಯಾನಾ ದೇಶದಲ್ಲಿ ಮಾಹ್ದಿಯಾ ಎಂಬ ಗಣಿ ಊರು. 2023ರ ಮೇ 21ರ ರಾತ್ರಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಯ ಹುಡುಗಿಯರ ಹಾಸ್ಟೆಲಿಗೆ ಬೆಂಕಿ ಬಿತ್ತು. ಮೊಬೈಲ್ ಕಸಿದುಕೊಂಡ ಸಿಟ್ಟಿಗೆ ಒಬ್ಬ ವಿದ್ಯಾರ್ಥಿನಿಯೇ ಹಚ್ಚಿದಳೆಂದು ಪೊಲೀಸರು ಹೇಳಿದರು. ಕಿಟಕಿಗಳಿಗೆ ಗ್ರಿಲ್, ಬಾಗಿಲುಗಳಿಗೆ ಕೀಲಿ. ಹುಡುಗಿಯರು ರಾತ್ರಿ ಹೊರಗೆ ಹೋಗಬಾರದೆಂದು ಹಾಕಿದ್ದ ಕೀಲಿ ಅದು. ಗಾಬರಿಯಲ್ಲಿ ಮೇಲ್ವಿಚಾರಕಿಗೆ ಕೀಲಿಕೈ ಸಿಗಲಿಲ್ಲ. 20 ಮಕ್ಕಳು ಸತ್ತರು. ಬಹುತೇಕರು ದೂರದ ಆದಿವಾಸಿ ಹಳ್ಳಿಗಳಿಂದ, ಊರಲ್ಲಿ ಪ್ರೌಢಶಾಲೆ ಇಲ್ಲವೆಂದು ಬಂದಿದ್ದವರು. ಚಿಂಚೋಳಿಯ ತಾಂಡಾಗಳಿಂದ ಕಲಬುರಗಿಗೆ ಬರುವ ನಮ್ಮ ಹುಡುಗಿಯರ ಕಥೆಗೂ ಅದಕ್ಕೂ ಎಷ್ಟು ಅಂತರ?

ಕೀನ್ಯಾದ ಕ್ಯಾಂಗುಲಿ ಎಂಬಲ್ಲಿ 2001ರಲ್ಲಿ 67 ಹುಡುಗರು ಹೀಗೆಯೇ ಸುಟ್ಟುಹೋಗಿದ್ದರು. ಅಲ್ಲೂ ಒಂದು ಬಾಗಿಲಿಗೆ ಕೀಲಿ, ಕಿಟಕಿಗೆ ಸರಳು. 2008ರಲ್ಲಿ ಆ ದೇಶ ಶಾಲಾ ಸುರಕ್ಷೆಯ ಕೈಪಿಡಿ ತಂದಿತು. ವಿದ್ಯಾರ್ಥಿಗಳು ಮಲಗುವ ಕೋಣೆಯ ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಮಕ್ಕಳಿರುವಾಗ ಹೊರಗಿನಿಂದ ಕೀಲಿ ಹಾಕಕೂಡದು, ಕಿಟಕಿಗೆ ಗ್ರಿಲ್ ಇರಕೂಡದು ಎಂದು ಅದರಲ್ಲಿ ನೇರವಾಗಿ ಬರೆದಿದೆ. ಬರೆದರೆ ಸಾಲದು ಎಂಬುದೂ ಕೀನ್ಯಾದಿಂದಲೇ ತಿಳಿಯುತ್ತದೆ: 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಇನ್ನೊಂದು ವಸತಿ ಶಾಲೆಯ ಬೆಂಕಿಗೆ 21 ಹುಡುಗರು ಬಲಿಯಾದರು.

ಈಗ ಪಾಲಕರ ವಾದ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವ ನಗರದ ಬುದ್ಧಿವಂತರ ಗುಂಪಿಗೆ ನಾನು ಸೇರಿದವನಲ್ಲ. ಕಮಲಾಪುರ ಕಡೆಯ ಒಬ್ಬ ತಾಯಿ ಹೇಳಿದ್ದು ಹೀಗೆ: ‘ಕೀಲಿ ಹಾಕ್ತಾರಂತ ನಂಬೇ ಕಳಿಸೀನ್ರಿ. ಇಲ್ಲಂದ್ರ ಅವರಪ್ಪ ಎಸೆಸೆಲ್ಸಿಗೇ ಮದುವಿ ಮಾಡಿ ಮುಗಸ್ತಿದ್ದ.’ ಆ ಕೀಲಿ ಅವಳ ಮಗಳ ಓದಿಗೆ ಸಿಕ್ಕ ಪರವಾನಗಿ. ಅದನ್ನು ಕಿತ್ತುಹಾಕಿ ಎಂದರೆ ಓದನ್ನೂ ಕಿತ್ತಂತೆ. ಹಾಗಾಗಿ ಕೀಲಿ ಬೇಡ ಎನ್ನುವ ವಾದ ಕಾಲೇಜಿನ ಭಾಷಣ ಸ್ಪರ್ಧೆಗೆ ಸರಿ, ಈ ತಾಯಿಗೆ ಉತ್ತರವಲ್ಲ. ಆದರೆ ಕೀಲಿ ಅವಳ ಮಗಳನ್ನು ಎಲ್ಲ ಅಪಾಯದಿಂದಲೂ ಕಾಯುತ್ತದೆ ಎಂಬುದೂ ಸುಳ್ಳು. 2016ರಲ್ಲಿ ಇದೇ ಕಲಬುರಗಿಯ ನರ್ಸಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ ಕೇರಳದ ದಲಿತ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ಆರೋಪ ದೇಶವೆಲ್ಲ ಸುದ್ದಿಯಾಯಿತು. ಅಪಾಯ ಗೇಟು ಹಾರಿ ಬಂದದ್ದಲ್ಲ.

ತಾಯಿಯ ಭಯಕ್ಕೂ ಬೆಂಕಿಗೂ ಒಟ್ಟಿಗೆ ಉತ್ತರ ಕೊಡುವ ಬಾಗಿಲು ಜಗತ್ತಿನಲ್ಲಿ ನೂರು ವರ್ಷಕ್ಕೂ ಹಿಂದೆಯೇ ಬಂದಿದೆ. 1883ರಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡಿನ ವಿಕ್ಟೋರಿಯಾ ಹಾಲ್‌ನಲ್ಲಿ ಆಟ ನೋಡಲು ಸೇರಿದ್ದ ಮಕ್ಕಳು ಮೆಟ್ಟಿಲಿಳಿದು ಓಡಿ ಬಂದಾಗ ಕೆಳಗಿನ ಬಾಗಿಲು ಪೂರ್ತಿ ತೆರೆಯದೆ ಸಿಕ್ಕಿಹಾಕಿಕೊಂಡಿತ್ತು. 183 ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಸತ್ತರು. ಆ ದುರಂತದ ಬೆನ್ನಿಗೇ ಹುಟ್ಟಿದ್ದು, 1892ರಲ್ಲಿ ಪೇಟೆಂಟ್ ಪಡೆದದ್ದು, ತಳ್ಳಿದರೆ ತೆರೆಯುವ ಅಡ್ಡಪಟ್ಟಿಯ ಬಾಗಿಲು. ಇವತ್ತಿನ ಮಲ್ಟಿಪ್ಲೆಕ್ಸುಗಳಲ್ಲಿ ನೀವು ಸೊಂಟದಿಂದ ತಳ್ಳಿ ಹೊರಬರುತ್ತೀರಲ್ಲ, ಅದೇ. ಹೊರಗಿನವರಿಗೆ ಕೀಲಿಕೈ ಇಲ್ಲದೆ ತೆರೆಯದು; ಒಳಗಿನವರಿಗೆ ಕೀಲಿಕೈಯೇ ಬೇಡ. ತೆರೆದರೆ ಗಂಟೆ ಹೊಡೆಯುವಂತೆ ಮಾಡಿದರಂತೂ ರಾತ್ರಿ ಯಾರು ಹೋದರು ಎಂಬುದು ವಾರ್ಡನ್ನಿಗೂ ತಿಳಿಯುತ್ತದೆ, ಅಕ್ಕಪಕ್ಕದ ಮನೆಗೂ ತಿಳಿಯುತ್ತದೆ. ಗ್ರಿಲ್ಲಿಗೂ ಇದೇ ಮಾತು: ಪ್ರತಿ ಕೋಣೆಯ ಒಂದು ಕಿಟಕಿಯ ಗ್ರಿಲ್ಲಿಗೆ ಕೀಲು ಕೂಡಿಸಿ ಒಳಗಿನಿಂದ ಚಿಲಕ ಇಡುವುದು ನಮ್ಮ ಯಾವ ಬೆಸುಗೆ ಅಂಗಡಿಯವನಿಗೂ ಅರ್ಧ ದಿನದ ಕೆಲಸ. ಮೂರು ತಾಸಿನ ಸಿನಿಮಾಕ್ಕೆ ಕೆಂಪು ದೀಪದ ಎರಡೆರಡು ನಿರ್ಗಮನ ದ್ವಾರ ಇರಬೇಕೆನ್ನುವ ನಾವು, ಹತ್ತು ತಿಂಗಳು ಮಲಗಿ ಏಳುವ ಮಕ್ಕಳಿಗೆ ಒಂದೇ ಚಾನೆಲ್ ಗೇಟು ಸಾಕೆನ್ನುತ್ತೇವೆ.

ಕಾನೂನಿಲ್ಲ ಎಂದು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ನಿರ್ಗಮನದ ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವಂತಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಇದೆ. ಕುಂಭಕೋಣಂನ ಶಾಲೆಯ ಬೆಂಕಿಗೆ 2004ರಲ್ಲಿ 94 ಮಕ್ಕಳು ಸತ್ತ ಮೇಲೆ ಸುಪ್ರೀಂ ಕೋರ್ಟು 2009ರ ಅವಿನಾಶ್ ಮೆಹ್ರೋತ್ರಾ ತೀರ್ಪಿನಲ್ಲಿ ಶಿಕ್ಷಣದ ಹಕ್ಕೆಂದರೆ ಸುರಕ್ಷಿತ ಶಾಲೆಯ ಹಕ್ಕೂ ಹೌದು ಎಂದಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿ. ಯಾವುದೇ ಕಟ್ಟಡವನ್ನು ಪರಿಶೀಲಿಸಿ, ಸುರಕ್ಷಾ ಮಾನದಂಡ ಪಾಲಿಸದಿದ್ದರೆ ಕ್ರಮಕ್ಕೆ ಸೂಚಿಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ಬೆಂಗಳೂರಿನಲ್ಲಿ 2024ರ ಜುಲೈನಲ್ಲಿ ಕೋರಮಂಗಲದ ಪೀಜಿಯೊಳಗೆ ಯುವತಿಯ ಕೊಲೆಯಾದ ಮೇಲೆ ಬಿಬಿಎಂಪಿ ಪೀಜಿಗಳಿಗೆ ನಿಯಮಗಳನ್ನು ಹೊರಡಿಸಿತು: ತಲಾ 70 ಚದರಡಿ ಜಾಗ, ಸಿಸಿಟಿವಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅಗ್ನಿ ಸುರಕ್ಷೆ, ಗೋಡೆಯ ಮೇಲೆ ಸಹಾಯವಾಣಿ ಸಂಖ್ಯೆ. ಅದೂ ಕೊಲೆಯ ನೆರಳಲ್ಲಿ ಬರೆದ ಪಟ್ಟಿಯಾದ್ದರಿಂದ ಕಾವಲಿನ ಕಡೆ ವಾಲಿದೆ ಎನ್ನಿ. ಆದರೂ ಒಂದು ಪಟ್ಟಿ ಇದೆ. ಕಲಬುರಗಿ ಮಹಾನಗರ ಪಾಲಿಕೆ ಅದಕ್ಕೆ ‘ಕೀಲಿಕೈ ಬೇಡದ ಎರಡನೆಯ ಬಾಗಿಲು’ ಎಂಬ ಒಂದು ಸಾಲು ಸೇರಿಸಿ ನಮ್ಮ ಊರಿನ ಪೀಜಿಗಳಿಗೆ ಜಾರಿ ಮಾಡಲಿ.

ಹಣದ ಮಾತು ಎತ್ತುವವರಿಗೂ ಒಂದು ಮಾತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಇರುವುದು ಇದೇ ಊರಲ್ಲಿ. ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಬಜೆಟ್ಟಿನಲ್ಲಿ ಘೋಷಿಸಿಕೊಳ್ಳುವ ಮಂಡಳಿಗೆ ಏಳು ಜಿಲ್ಲೆಯ ಹಾಸ್ಟೆಲುಗಳಿಗೆ ಒಂದೊಂದು ಹಿಂಬಾಗಿಲು ಕೂಡಿಸುವುದು ಭಾರವಾಗದು. ಉದ್ಘಾಟನೆಯ ಫಲಕ ಹಾಕಲು ಅಲ್ಲಿ ಜಾಗ ಸಿಗುವುದಿಲ್ಲ ಎಂಬುದೊಂದೇ ತೊಂದರೆ.

ಬಾಗಿಲು ಇಟ್ಟ ಮೇಲೂ ಅಭ್ಯಾಸ ಬೇಕು. ನಮ್ಮಲ್ಲಿ ಅಣಕು ಪ್ರದರ್ಶನ ನಡೆಯುವುದು ಬೆಳಿಗ್ಗೆ ಹನ್ನೊಂದಕ್ಕೆ, ಮೈದಾನದಲ್ಲಿ, ಶಾಮಿಯಾನ ಹಾಕಿ, ಫೋಟೊಗ್ರಾಫರ್ ಬಂದ ಮೇಲೆ. ಕಿಲ್ಲಾರಿಯ ಭೂಕಂಪ ಹಾಗೆ ಸಮಯ ನೋಡಿ ಬರಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ ಬಂತು. ನಮ್ಮ ಗಡಿಯಾಚೆಯ ಆ ಊರುಗಳಲ್ಲಿ ಮಲಗಿದವರು ಮಲಗಿದಲ್ಲೇ ಹೋದರು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ ನೆಲ ಪದೇ ಪದೇ ನಡುಗಿದಾಗ ಊರವರು ಮನೆ ಬಿಟ್ಟು ಬಯಲಲ್ಲಿ ರಾತ್ರಿ ಕಳೆದರು. ಅವರಿಗೆ ಹೊರಗೆ ಬರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಸ್ಟೆಲಿನಲ್ಲಿ ಇದ್ದ ಅವರ ಮಕ್ಕಳಿಗೆ ಬೇಕಿತ್ತು.

ಅಭ್ಯಾಸ ಎಂದರೆ ರಾತ್ರಿ ಒಂದು ಗಂಟೆಗೆ, ಮುನ್ಸೂಚನೆ ಇಲ್ಲದೆ, ಮೇನ್ ಸ್ವಿಚ್ ಆರಿಸಿ, ಕತ್ತಲಲ್ಲಿ. ಎಷ್ಟು ನಿಮಿಷದಲ್ಲಿ ಎಷ್ಟು ಜನ ಅಂಗಳಕ್ಕೆ ಬಂದರು, ಯಾರು ಬರಲಿಲ್ಲ ಎಂದು ಹೆಸರು ಕರೆದು ಬರೆದುಕೊಳ್ಳಬೇಕು. ಕಾಲು ಸ್ವಾಧೀನವಿಲ್ಲದ ಹುಡುಗನನ್ನು ಯಾರು ಎತ್ತಿ ತರುತ್ತಾರೆ, ಮೂರ್ಛೆರೋಗದ ಹುಡುಗಿಯ ಮಾತ್ರೆ ಯಾರ ಬಳಿ ಇದೆ, 108ಕ್ಕೆ ಕರೆ ಮಾಡಿ ವಿಳಾಸ ಹೇಳುವವರು ಯಾರು ಎಂದು ಮೊದಲೇ ಗೊತ್ತಾಗಿರಬೇಕು. ವಿಳಾಸದ ವಿಷಯ ಸಣ್ಣದೆಂದು ನಗಬೇಡಿ. ‘ಗಂಜ್ ಹಿಂದಿನ ಹಾಸ್ಟೆಲ್’ ಎಂದರೆ ಆಂಬುಲೆನ್ಸ್ ಚಾಲಕ ಎಷ್ಟು ಗಲ್ಲಿ ಸುತ್ತಬೇಕು? ಕಟ್ಟಡದ ಪೂರ್ತಿ ವಿಳಾಸವನ್ನು ಪ್ರತಿ ಮಹಡಿಯ ಗೋಡೆಗೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು. ತಾಲ್ಲೂಕಿನ ಹಾಸ್ಟೆಲುಗಳಿಗೆ ಈ ಅಭ್ಯಾಸ ಇನ್ನೂ ಮುಖ್ಯ. 2022ರ ಜೂನ್ 3ರಂದು ಕಮಲಾಪುರದ ಹೊರವಲಯದಲ್ಲಿ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಡಿಕ್ಕಿಯಾಗಿ ಹೊತ್ತಿಕೊಂಡಾಗ ಕನಿಷ್ಠ ಏಳು ಮಂದಿ ಒಳಗೇ ಸುಟ್ಟುಹೋದರು. ಬೆಂಕಿಗೆ ಬೇಕಾಗುವುದು ಕೆಲವೇ ನಿಮಿಷ, ಆ ನಿಮಿಷಗಳಲ್ಲಿ ಹೊರಗಿನಿಂದ ಯಾರೂ ಬಂದು ಮುಟ್ಟುವುದಿಲ್ಲ.

ಇಷ್ಟೆಲ್ಲ ಹೊಣೆಯನ್ನು ಈಗ ಹೊತ್ತಿರುವವನು ರಾತ್ರಿ ಕಾವಲುಗಾರ. ಹೊರಗುತ್ತಿಗೆಯವನು, ಸಂಬಳ ಯಾವಾಗ ಬರುತ್ತದೆಂದು ಅವನಿಗೇ ಗೊತ್ತಿಲ್ಲ. ವಾರ್ಡನ್ನಿಗೆ ಎರಡು ಮೂರು ಹಾಸ್ಟೆಲುಗಳ ಪ್ರಭಾರ ಇರುವುದು ಇಲಾಖೆಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಅನಾಹುತವಾದ ಮರುದಿನ ಅಮಾನತಾಗುವವರು ಇವರಿಬ್ಬರೇ. ಕಟ್ಟಡ ಒಪ್ಪಿದ ಎಂಜಿನಿಯರು, ಬಾಡಿಗೆ ಮಂಜೂರು ಮಾಡಿದ ಅಧಿಕಾರಿ, ತಂತಿ ಸರಿಸದ ಜೆಸ್ಕಾಂ, ಪರವಾನಗಿ ಕೊಟ್ಟ ಪಾಲಿಕೆ ಯಾರೂ ಅಮಾನತಾಗುವುದಿಲ್ಲ.

ಆದ್ದರಿಂದ ಜಿಲ್ಲಾಧಿಕಾರಿಗೆ ಬೇಡಿಕೆ ಇಷ್ಟು. ಹಾಸ್ಟೆಲಿಗೆ ಹಿಡಿದ ಪ್ರತಿ ಬಾಡಿಗೆ ಕಟ್ಟಡದ ಕರಾರು ನವೀಕರಣಕ್ಕೆ ಬಂದಾಗ ಎರಡನೆಯ ಬಾಗಿಲು, ತೆರೆಯುವ ಗ್ರಿಲ್ಲು, ಮೆಟ್ಟಿಲಿನ ಬುಡದಿಂದ ಸರಿಸಿದ ಮೀಟರು ಹಲಗೆ ಈ ಮೂರರ ಫೋಟೊ ಕಡತದಲ್ಲಿ ಇರಬೇಕು, ಕೆಳಗೆ ನೋಡಿ ಬಂದ ಎಂಜಿನಿಯರಿನ ಹೆಸರು, ಸಹಿ, ದಿನಾಂಕ. ಇಲ್ಲದಿದ್ದರೆ ಬಾಡಿಗೆ ನಿಲ್ಲಲಿ. ಖಾಸಗಿ ಪೀಜಿಗೆ ಇದೇ ಷರತ್ತು ಪಾಲಿಕೆಯ ಪರವಾನಗಿಯಲ್ಲಿ ಬರಲಿ. ಮೊದಲ ರಾತ್ರಿ ಅಭ್ಯಾಸ ನವೆಂಬರಿನಲ್ಲಿ, ತೊಗರಿ ಲಾರಿಗಳು ಗಂಜ್‌ಗೆ ಬರುವ ಮೊದಲು ನಡೆಯಲಿ. ಅದಕ್ಕೆ ಅಗ್ನಿಶಾಮಕ ವಾಹನವನ್ನೂ ಕರೆಸಿ, ಅದು ಯಾವ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಎಪಿಎಂಸಿ ಕಾರ್ಯದರ್ಶಿಯೂ ನಿಂತು ನೋಡಲಿ.