ಮಲ ಪರೀಕ್ಷೆ: ಸಂಕೋಚವೂ ಬೇಡ, ಭ್ರಮೆಯೂ ಬೇಡ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ನ್ಯಾಯಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಮಂಜು ಹೊಗೆಯಂತೆ ತೋರಬಹುದು, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆ ಏಳದು ಎಂಬ ಎಚ್ಚರಿಕೆಯೂ ಅದರೊಡನೆಯೇ ಇದೆ. ದೊಡ್ಡಕರುಳಿನ ಕ್ಯಾನ್ಸರನ್ನು ಮುಂಚಿತವಾಗಿ ಗುರುತಿಸುವ ಮಲ ಪರೀಕ್ಷೆಗಳನ್ನು ನಾವು ಇದೇ ವಿವೇಕದಿಂದ ತೂಗಿ ನೋಡಬೇಕು.

ಕರುಳಿನ ಗೆಡ್ಡೆಯಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರುವುದುಂಟು. ಹಳೆಯ ಗ್ವಾಯಕ್ ಪರೀಕ್ಷೆ ಅದನ್ನು ಪತ್ತೆಹಚ್ಚುತ್ತದೆಯಾದರೂ ನಾವು ತಿಂದ ಮಾಂಸವೂ ಅದನ್ನು ದಾರಿತಪ್ಪಿಸಬಲ್ಲುದು. ಹಾಗಿದ್ದೂ, 1993ರಲ್ಲಿ ಪ್ರಕಟವಾದ ಅಮೆರಿಕದ ಮಿನ್ನೆಸೋಟ ಅಧ್ಯಯನದಲ್ಲಿ, ಪ್ರತಿವರ್ಷ ಈ ಪರೀಕ್ಷೆಗೆ ಒಳಪಟ್ಟವರ ಗುಂಪಿನಲ್ಲಿ ಈ ರೋಗದ ಸಾವುಗಳು 13 ವರ್ಷಗಳಲ್ಲಿ ಶೇಕಡ 33ರಷ್ಟು ಇಳಿದಿದ್ದವು. ಈಚಿನ ಫಿಟ್ ಪರೀಕ್ಷೆ ಮನುಷ್ಯರ ರಕ್ತವನ್ನಷ್ಟೇ ಗುರುತಿಸುತ್ತದೆ, ಪಥ್ಯ ಬೇಕಿಲ್ಲ. ಸುಮಾರು 10,000 ಜನರನ್ನು ಒಳಗೊಂಡ 2014ರ ಅಧ್ಯಯನವೊಂದರಲ್ಲಿ ಫಿಟ್ 100ಕ್ಕೆ 74 ಕ್ಯಾನ್ಸರುಗಳನ್ನೂ, ದುಬಾರಿಯಾದ ಡಿಎನ್‌ಎ ಪರೀಕ್ಷೆ 92ನ್ನೂ ಹಿಡಿದವು. ಆದರೆ ಡಿಎನ್‌ಎ ಪರೀಕ್ಷೆಯ ಹುಸಿ ಎಚ್ಚರಿಕೆಗಳು ಫಿಟ್‌ಗಿಂತ ಎರಡು ಪಟ್ಟಿಗೂ ಹೆಚ್ಚು. ಬಡ ಕುಟುಂಬಕ್ಕೆ ಹುಸಿ ಎಚ್ಚರಿಕೆಯೆಂದರೆ ಸಾಲ ಮತ್ತು ನಿದ್ರೆಯಿಲ್ಲದ ರಾತ್ರಿಗಳು.

ನನ್ನಿವಾಳದಂತಹ ಬಿಸಿಲಿನ ಸೀಮೆಗೆ ಫಿಟ್ ಹೆಚ್ಚು ಹೊಂದುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಷರತ್ತಿದೆ. ಬಿಸಿಲಿಗೆ ಮಾದರಿಯಲ್ಲಿನ ರಕ್ತಾಂಶ ಕೆಟ್ಟು, ರೋಗವಿದ್ದರೂ 'ಇಲ್ಲ' ಎಂಬ ಉತ್ತರ ಬರಬಹುದು. ಆದುದರಿಂದ ಅದನ್ನು ತಂಪಾಗಿರಿಸಿ ಬೇಗನೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. 'ಇದೆ' ಎಂದಾಗ ಕೊಲೊನೋಸ್ಕೋಪಿ ಮಾಡಿಸಲೇಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ದೂರದ ಆಸ್ಪತ್ರೆಗೆ ಹೋಗಬೇಕಾದರೂ ಹಿಂಜರಿಯಬಾರದು. ಆ ಎರಡನೆಯ ಹೆಜ್ಜೆಯಿಲ್ಲದೆ ಮೊದಲ ಪರೀಕ್ಷೆ ವ್ಯರ್ಥ.

ಸರಕಾರದ ತಪಾಸಣಾ ಕಾರ್ಯಕ್ರಮ 30 ವರ್ಷ ದಾಟಿದವರಲ್ಲಿ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರುಗಳಿಗೆ ಆದ್ಯತೆ ನೀಡಿದೆ. ನಮ್ಮಲ್ಲಿ ಕರುಳಿನ ಕ್ಯಾನ್ಸರು ಪಾಶ್ಚಾತ್ಯ ದೇಶಗಳಿಗಿಂತ ವಿರಳವಾದುದರಿಂದ ಎಲ್ಲರೂ ಗಾಬರಿಪಡಬೇಕಿಲ್ಲ. ಐವತ್ತು ದಾಟಿದವರು ವೈದ್ಯರ ಸಲಹೆ ಕೇಳಲಿ. ಒಮ್ಮೆ ಬಂದ 'ಇಲ್ಲ' ಶಾಶ್ವತವಲ್ಲವೆಂದು ಅರಿತು ಅವರು ಹೇಳಿದ ಅವಧಿಗೆ ಪುನಃ ಪರೀಕ್ಷೆ ಮಾಡಿಸಲಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ರೋಗವಿದ್ದರೆ, ನೇರವಾಗಿ ಕೊಲೊನೋಸ್ಕೋಪಿಯೇ ಬೇಕೇ ಎಂದು ಬೇಗನೆ ವಿಚಾರಿಸಲಿ. ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಕೆ ಇದ್ದವರು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ ವೈದ್ಯರ ಬಳಿಗೆ ಹೋಗಲಿ. ಅಂಥವರಿಗೆ ಮಲ ಪರೀಕ್ಷೆಯ 'ಇಲ್ಲ' ಅಭಯವಾಗದು.

ನಮ್ಮ ಮನೆಗಳ ಹಿರಿಯರು, ವಿಶೇಷವಾಗಿ ತಾಯಂದಿರು, ಇಂತಹ ಮಾತನ್ನು ನಾಚಿಕೆಯಿಂದ ನುಂಗಿಕೊಳ್ಳುತ್ತಾರೆ. ಮಕ್ಕಳು ತಾವಾಗಿಯೇ ಕೇಳಲಿ.