ಕೇಳದೆ ಕಳಿಸಬೇಡಿ

ಪುಣೆ, ಮುಂಬೈಗಳಲ್ಲಿ ಕೆಲಸಕ್ಕಿರುವ ನಮ್ಮವರ ಕವಿತೆಗಳಲ್ಲಿ ‘ಗಡೀಪಾರು’, ‘ನಿರಾಶ್ರಿತ’ ಎಂಬ ಪದಗಳು ಧಾರಾಳವಾಗಿ ಓಡಾಡುತ್ತವೆ. ನನ್ನ ತಕರಾರು ಇಲ್ಲಿಂದಲೇ ಶುರು. ನಾವು ಬಂದದ್ದು ಸಂಬಳಕ್ಕೆ. ದೀಪಾವಳಿಗೆ ಟಿಕೆಟ್ ಸಿಕ್ಕರೆ ಊರಿಗೆ ಹೋಗುತ್ತೇವೆ, ಯಾರೂ ತಡೆಯುವುದಿಲ್ಲ. ಹೋಗಲಾಗದವರ ಪದವನ್ನೂ ನಾವೇ ಎತ್ತಿಕೊಂಡರೆ ಅವರಿಗೆ ಏನುಳಿಯುತ್ತದೆ?

ಹಿಜರಿ ಶಕೆ ಎಣಿಸುವುದು 622ರ ಮದೀನಾ ವಲಸೆಯಿಂದ. ಅದು ಹಲವರಿಗೆ ಗೊತ್ತು. ಅದಕ್ಕೂ ಮೊದಲು, 615ರ ಸುಮಾರಿಗೆ, ಹೊಸ ಧರ್ಮ ಹಿಡಿದದ್ದಕ್ಕೆ ಮೆಕ್ಕಾದಲ್ಲಿ ಹಿಂಸೆ ತಾಳಲಾರದ ಸಣ್ಣ ಗುಂಪೊಂದು ಕೆಂಪು ಸಮುದ್ರ ದಾಟಿ ಅಬಿಸೀನಿಯಾ ಸೇರಿತು. ಆಮೇಲೆ ಅವರ ಸಂಖ್ಯೆ 80 ಗಂಡಸರಷ್ಟಾಯಿತು, ಹೆಂಗಸರು ಮಕ್ಕಳು ಬೇರೆ.

ಅಲ್ಲಿನ ದೊರೆ ನಜಾಶಿ ಕ್ರೈಸ್ತ. ಮುಂದಿನದನ್ನು ಆ ಗುಂಪಿನಲ್ಲೇ ಇದ್ದ ಉಮ್ಮ್ ಸಲಮಾ ಹೇಳಿದರೆಂದು ಇಬ್ನ್ ಇಸ್ಹಾಕರ ಚರಿತ್ರೆ ಕೊಡುತ್ತದೆ. ಕುರೈಶರ ಇಬ್ಬರು ದೂತರು ತೊಗಲಿನ ಉಡುಗೊರೆ ಹೊತ್ತು ಬಂದರು. ಮೊದಲು ಆಸ್ಥಾನದವರಿಗೆ ಹಂಚಿದರು. ಬೇಡಿಕೆ ಇಷ್ಟೆ: ಇವರು ದಾರಿ ತಪ್ಪಿದ ಹುಡುಗರು, ಇವರ ವಿಷಯ ಇವರ ಹಿರಿಯರಿಗೇ ಚೆನ್ನಾಗಿ ಗೊತ್ತು, ವಿಚಾರಿಸದೆ ಒಪ್ಪಿಸಿಬಿಡಿ. ನಜಾಶಿ ಒಪ್ಪಲಿಲ್ಲ. ದೂತರ ಮಾತು ನಿಜವಾದರೆ ಒಪ್ಪಿಸುತ್ತೇನೆ, ಆದರೆ ಮೊದಲು ಇವರನ್ನು ಕೇಳುತ್ತೇನೆ ಎಂದ. ಜಾಫರ್ ಇಬ್ನ್ ಅಬಿ ತಾಲಿಬ್ ಎಲ್ಲರ ಪರವಾಗಿ ಮಾತಾಡಿದರು. ಉಡುಗೊರೆ ವಾಪಸ್ಸಾಯಿತು, ಜನ ಉಳಿದರು. ಜಾಫರ್ ಅರೇಬಿಯಾಕ್ಕೆ ಮರಳಿದ್ದು 628ರಲ್ಲಿ.

‘ಆ ಕಾಲ ಬೇರೆ, ಈಗ ಗಡಿಯಿದೆ, ಕಾನೂನಿದೆ’ ಎನ್ನುತ್ತೀರಿ. ಇದೆಯೇ? 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಬೇರೆ ಕಾಯ್ದೆಯೂ ನಮ್ಮಲ್ಲಿಲ್ಲ. ಹೈದರಾಬಾದ್, ದೆಹಲಿಗಳಲ್ಲಿ ಗುಡಿಸಲು ಹಾಕಿಕೊಂಡಿರುವ ರೋಹಿಂಗ್ಯಾಗಳನ್ನು ‘ಅಕ್ರಮ’ ಎಂಬ ಒಂದೇ ಪದದಲ್ಲಿ ಮುಗಿಸುತ್ತೇವೆ. ‘ನಿರಾಶ್ರಿತ’ ನಮ್ಮ ಕವಿತೆಗೆ, ‘ಅಕ್ರಮ’ ಅವರ ಪಾಲಿಗೆ!

ಬಂದವರನ್ನೆಲ್ಲ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೇಳದೆ ಕಳಿಸಬೇಡಿ ಎನ್ನುತ್ತಿದ್ದೇನೆ. ಟಿಬೆಟ್ಟಿನಿಂದ ಓಡಿಬಂದವರಿಗೆ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟದ್ದು ನಮ್ಮ ನಾಡೇ. ಅದರಿಂದ ನಾಡೇನೂ ಸಣ್ಣದಾಗಲಿಲ್ಲ.

ಬಾಡಿಗೆ ಮನೆಯ ಬೇಸರಕ್ಕೆ ನಾವು ಬೇರೆ ಪದ ಹುಡುಕಿಕೊಳ್ಳೋಣ. ಈ ಪದವನ್ನು ಅದರ ವಾರಸುದಾರರಿಗೆ ಬಿಟ್ಟುಕೊಡೋಣ.