ವರ್ತಮಾನದ ಒಡೆಯರು ಯಾರು?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಿರಿಯರಿಗೆ ನಿರ್ಭೀತ ಪತ್ರಿಕೆಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1948ರ ಸಪ್ಟಂಬರದವರೆಗೆ ಈ ಸೀಮೆಯು ನಿಜಾಮ ಸಂಸ್ಥಾನದಲ್ಲಿದ್ದಿತು. ಹೈದರಾಬಾದಿನ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕರಾದ ಶೋಯೆಬುಲ್ಲಾ ಖಾನರು ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದುದಕ್ಕಾಗಿ ಅದೇ ವರ್ಷದ ಅಗಸ್ಟಿನಲ್ಲಿ ಹತರಾದರು. ಆ ದಬ್ಬಾಳಿಕೆಯು ಕಣ್ಣಿಗೆ ಕಾಣುತ್ತಿದ್ದಿತು. ಇಂದಿನದು ಸುಲಭವಾಗಿ ಕಾಣದು.

ಇಂದು ಬೆಳಗಾಗುವುದರೊಳಗೆ ಪತ್ರಿಕೆಗಳ ಕಟ್ಟುಗಳು ನಮ್ಮ ಊರುಗಳಿಗೆ ಬಂದು ಬೀಳುತ್ತವೆ. ಹೆಸರುಗಳು ಹಲವು. ಆದರೆ ಒಡೆಯರು ಯಾರೆಂದು ವಿಚಾರಿಸುವ ವಾಚಕರು ವಿರಳ. 1999ರಲ್ಲಿ ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ವನ್ನು ಆರಂಭಿಸಿ, ಅಗ್ಗದ ಬೆಲೆಗೆ ಹಳ್ಳಿಹಳ್ಳಿಗೆ ಮುಟ್ಟಿಸಿದರು. 2006ರಲ್ಲಿ ಆ ಪತ್ರಿಕೆಯು ‘ಟೈಮ್ಸ್ ಆಫ್ ಇಂಡಿಯಾ’ದ ಒಡೆಯರಾದ ಬೆನೆಟ್ ಕೋಲ್ಮನ್ ಕಂಪನಿಗೆ ಸೇರಿತು. ರಾಮೋಜಿರಾಯರು ಕಟ್ಟಿದ ‘ಈಟಿವಿ ಕನ್ನಡ’ವು ನೆಟ್‌ವರ್ಕ್ 18 ಸಮೂಹಕ್ಕೆ ಹೋಯಿತು, ಆ ಸಮೂಹವೇ 2014ರಲ್ಲಿ ರಿಲಯನ್ಸಿನ ವಶವಾಯಿತು. ಹೆಸರು ಕನ್ನಡದ್ದು, ಓದುವವನೂ ನೋಡುವವನೂ ಕನ್ನಡಿಗನೇ. ಆದರೆ ನಿರ್ಣಯವಾಗುವ ಸ್ಥಳವು ಮುಂಬಯಿ.

ಒಡೆಯನು ದೂರದಲ್ಲಿದ್ದ ಮಾತ್ರಕ್ಕೆ ಪತ್ರಿಕೆಯು ಸುಳ್ಳಾಡುವುದೆಂದು ನಮ್ಮ ಅಭಿಪ್ರಾಯವಲ್ಲ. ಪ್ರಾಮಾಣಿಕ ಬಾತ್ಮೀದಾರರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ. ತೊಡಕು ಬೇರೆಡೆ ಇದೆ. ವಾಚಕನು ಕೊಡುವ ಕೆಲವು ರೂಪಾಯಿಗಳು ಪತ್ರಿಕೆಯ ವೆಚ್ಚಕ್ಕೆ ಸಾಲುವುದಿಲ್ಲ. ಉಳಿದುದನ್ನು ಜಾಹೀರಾತುದಾರನು ತುಂಬುತ್ತಾನೆ. ಆ ಜಾಹೀರಾತುದಾರನು ಕಾರಖಾನೆಯವನಿರಬಹುದು, ಸರಕಾರವೇ ಇರಬಹುದು. ಊಟ ಹಾಕಿದವನ ಮನೆಯ ಲೆಕ್ಕವನ್ನು ಪಂಕ್ತಿಯಲ್ಲಿ ಕುಳಿತು ಕೇಳುವವರು ಯಾರು?

ಇದಕ್ಕೆ ಪರಿಹಾರವನ್ನು ಹುಡುಕದೆ ಇದ್ದಿಲ್ಲ. ಮೊದಲನೆಯ ಪತ್ರಿಕಾ ಆಯೋಗದ ಸಲಹೆಯಂತೆ ಪುಟಗಳಿಗೆ ತಕ್ಕ ಬೆಲೆಯನ್ನು ವಿಧಿಸುವ ಶಾಸನವು 1956ರಲ್ಲಿ ಆಯಿತು. ಸಿರಿವಂತ ಪತ್ರಿಕೆಯು ಅಗ್ಗದ ಬೆಲೆಯಿಂದ ಬಡ ಪತ್ರಿಕೆಯನ್ನು ನುಂಗಬಾರದೆಂಬುದು ಅದರ ಉದ್ದೇಶ. ಪುಣೆಯ ‘ಸಕಾಳ’ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಅದನ್ನು ರದ್ದುಗೊಳಿಸಿತು. ಪುಟಗಳನ್ನು ಸರಕಾರವೇ ಎಣಿಸತೊಡಗಿದರೆ ನಾಳೆ ಪದಗಳನ್ನೂ ಎಣಿಸೀತು. ಕೋರ್ಟಿನ ತೀರ್ಪನ್ನು ನಾವು ಅಲ್ಲಗಳೆಯೆವು. ಆದರೆ ರೋಗವು ಹಾಗೆಯೇ ಉಳಿಯಿತು. 2014ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಒಬ್ಬನೇ ಒಡೆಯನ ಕೈಯಲ್ಲಿ ಬಹು ಮಾಧ್ಯಮಗಳು ಸೇರದಂತೆ ಮಿತಿಯಿರಬೇಕೆಂದು ಶಿಫಾರಸು ಮಾಡಿತು. ಶಾಸನವು ಬರಲಿಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ ಹಾನಿಯಿದೆ. ದೊಡ್ಡ ಪತ್ರಿಕೆಗಳು ಜಿಲ್ಲೆಗೊಂದು ಪುಟವನ್ನು ಕೊಟ್ಟಿವೆ. ಮೇಲುನೋಟಕ್ಕೆ ಇದು ಉಪಕಾರವೇ ಸರಿ. ಕುಷ್ಟಗಿಯ ಸಭೆಗೂ ಯಲಬುರ್ಗಾದ ಸಂತೆಗೂ ಸ್ಥಳ ದೊರೆಯಿತು. ಆದರೆ ಆ ಪುಟವು ಜಿಲ್ಲೆಯ ಗಡಿಯನ್ನು ಬಹುಶಃ ದಾಟುವುದಿಲ್ಲ. ನಮ್ಮ ದೂರನ್ನು ನಾವೇ ಓದಿಕೊಂಡು ಮಡಿಸಿ ಇಡಬೇಕು. 2024ರ ಅಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ದೇಶವೆಲ್ಲ ಮುನಿರಾಬಾದಿನತ್ತ ತಿರುಗಿತು. ಬೆಂಗಳೂರಿನವರಿಗೆ ಕೇಳಿಸಬೇಕಾದರೆ ನಮ್ಮಲ್ಲಿ ಗೇಟೇ ಮುರಿಯಬೇಕೇ? ಕಾರಖಾನೆಗಳ ಕರಿಧೂಳು ಹೊಲದ ಮೇಲೆಯೂ ಮಾಳಿಗೆಯ ಮೇಲೆಯೂ ಬೀಳುವುದು ನಿತ್ಯದ ಮಾತು. ನಿತ್ಯದ್ದಾದುದರಿಂದಲೇ ಅದು ಜಿಲ್ಲಾ ಪುಟದ ಮೂಲೆಯ ಮಾತು. ಬಲ್ದೋಟಾ ಸಮೂಹದ ಉಕ್ಕಿನ ಕಾರಖಾನೆಯ ವಿಸ್ತರಣವನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳವು ಬಂದ್ ಆಚರಿಸಿ, ಗವಿಮಠದ ಸ್ವಾಮಿಗಳೇ ಮುಂದೆ ನಿಂತಾಗ ಅದು ರಾಜ್ಯದ ವರ್ತಮಾನವಾಯಿತು. ಅಷ್ಟು ಜನ ಬೀದಿಗೆ ಇಳಿಯದೆ ಇದ್ದಿದ್ದರೆ?

ಪತ್ರಿಕೆಯ ಒಡೆಯರು ಯಾರು, ನೂರಕ್ಕೆ ಒಂದಕ್ಕಿಂತ ಹೆಚ್ಚಿನ ಪಾಲು ಯಾರದು ಎಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂದು 1956ರ ನಿಯಮಗಳು ವಿಧಿಸಿದ್ದವು. ಮಾರ್ಚದ ಆರಂಭದ ಸಂಚಿಕೆಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಬರುತ್ತಿದ್ದ ಆ ನಿವೇದನವನ್ನು ಓದಿದವರು ಎಷ್ಟು ಜನರೋ! ಅದು ಮುಖಪುಟದಲ್ಲಿ, ದೊಡ್ಡ ಅಕ್ಷರಗಳಲ್ಲಿ, ಆ ಒಡೆಯರ ಇತರ ಉದ್ಯಮಗಳ ಹೆಸರುಗಳ ಸಹಿತ ಬರಲಿ. ದೂರದರ್ಶನದ ವಾಹಿನಿಗಳೂ ಅದನ್ನು ತೆರೆಯ ಮೇಲೆ ತೋರಿಸಲಿ. ನಮ್ಮ ತಾಲೂಕುಗಳ ವಾಚನಾಲಯಗಳು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುವ ಪದ್ಧತಿಯನ್ನು ಮೊದಲು ಮಾಡಬಹುದು. ಅದಕ್ಕೆ ಯಾವ ಶಾಸನವೂ ಬೇಕಾಗಿಲ್ಲ.